ಎತ್ತಿಹಿಡಿಯುವುದು

ಕಿಸುಮು ಮೇಲ್ಮನವಿ ಕೋರ್ಟಿನಲ್ಲಿ ನಾನು ದುಭಾಷಿ.
ಹತ್ತೊಂಬತ್ತು ವರ್ಷದ ಹಿಂದೆ ಪ್ರಮಾಣ ಮಾಡಿದ್ದೇನೆ:
ಅಂದದ್ದನ್ನೇ ಅನ್ನುತ್ತೇನೆ,
ಸೇರಿಸುವುದಿಲ್ಲ, ಕಳೆಯುವುದಿಲ್ಲ,
ಅರ್ಥ ಬಿಡಿಸುವುದಿಲ್ಲ.

ಅರ್ಥ ಬಿಡಿಸುವುದು ಗೇಟಿನಾಚೆ,
ಮಂದಾಜಿ ಕರಿಯುವವಳ ಬೆಂಚಿನ ಮೇಲೆ.
ಅದಕ್ಕೆ ಸಂಬಳವಿಲ್ಲ.

ಅಪೊಂಡಿ ಅಲ್ಲಿಗೇ ಬಂದಳು,
ಸರೋವರದ ದಡದಲ್ಲಿ ಒಮೆನಾ ಮೀನು ಒಣಗಿಸುವವಳು.
ಕೈಚೀಲದೊಳಗಿನ ತೀರ್ಪಿಗೂ ಮೀನಿನದೇ ವಾಸನೆ.
ಗಂಡ ಸತ್ತ ಮೂರನೇ ತಿಂಗಳು ಮೈದುನ ಒಡೆರೊ
ಬಲೆ ಹಾಸುವ ಆ ತುಂಡು ನೆಲ ತನ್ನದೆಂದ.
ಕೆಳ ನ್ಯಾಯಾಲಯ ಹೌದೆಂದಿತು.

"ಕೆಳಗೆ ಅಂದರೆ? ಅದು ಗುಡ್ಡದ ಮೇಲಿತ್ತಲ್ಲ,
ಏದುಸಿರು ಬಿಡುತ್ತ ಹತ್ತಿದ್ದೆ."
ನಿಜ. ಇದಿರುವುದು ತಗ್ಗಿನಲ್ಲಿ, ನೀರಿಗೆ ಹತ್ತಿರ.
ಆದರೂ ಅಮ್ಮಾ, ಇದೇ ಮೇಲು.

ಮೇಲ್ಮನವಿದಾರಳು ಎಂದರೆ ನೀನು.
ಪ್ರತಿವಾದಿ ಎಂದರೆ ಅವನು, ದಡ ಮುಟ್ಟಿ ಕೂತವನು.
ಈಜಬೇಕಾದವಳು ನೀನು.

ಹನ್ನೆರಡು ದಿನ ತಡವಾಗಿ ಬಂದಿದ್ದಳು.
ಸಾಲದ ಹಾಗೆ ದಿನಗಳೂ ಮನ್ನಾ ಆಗುತ್ತವೆ, ಕಾರಣ ಕೊಟ್ಟರೆ.
ಮಗುವಿನ ಮಲೇರಿಯಾ ಹತ್ತು ದಿನಕ್ಕೆ ಸಾಕಾಯಿತು,
ಉಳಿದೆರಡನ್ನು ನ್ಯಾಯಮೂರ್ತಿಗಳು ನೋಡದ ಹಾಗೆ ನೋಡಿದರು.

ತಡೆಯಾಜ್ಞೆ ಸಿಕ್ಕ ದಿನ ಓಡಿ ಬಂದಳು,
"ಗೆದ್ದೆನಾ?"
ಇಲ್ಲ. ಬೇಲಿ ಕಡಿಯಲು ಎತ್ತಿದ ಕೊಡಲಿ
ಎತ್ತಿದ ಹಾಗೇ ಇರಲಿ, ಎಂದರ್ಥ.
"ಎಲ್ಲಿಯ ತನಕ?"
ತೀರ್ಪಿನ ತನಕ.
"ಪಾಪ, ಅವನ ಕೈ ನೋಯುವುದಿಲ್ಲವೆ!"
ಮಂದಾಜಿಯವಳೂ ಸೇರಿ ಮೂವರೂ ನಕ್ಕೆವು.

"ಅತ್ತೆಯನ್ನು ಕರೆತರಲೆ? ಈಗ ನೆನಪಾಗಿದೆಯಂತೆ,
ಆ ಕಳ್ಳಿ ಬೇಲಿ ಯಾರು ನೆಟ್ಟರೆಂದು."
ಬೇಡ. ಹೊಸ ಮಾತಿಗೆ ಇಲ್ಲಿ ಬಾಗಿಲಿಲ್ಲ.
ದಾಖಲೆ ಎಂದರೆ ಗುಡ್ಡದ ಮೇಲೆ ಬರೆದುಕೊಂಡದ್ದು,
ಬರೆಯದೆ ಬಿಟ್ಟದ್ದು ನಡೆದೇ ಇಲ್ಲ.
ಅವಳು ಮಂದಾಜಿ ಮುರಿದಳು, ತಿನ್ನಲಿಲ್ಲ.
"ಹಾಗಾದರೆ ನಾನು ಅತ್ತದ್ದು?"
ಪುಟ ಮಗುಚಿದೆ. ನಲವತ್ತೊಂದರಲ್ಲಿತ್ತು:
ಸಾಕ್ಷಿ ಕೆಲಕಾಲ ಮೌನ.

ತೀರ್ಪಿನ ದಿನ.
ಮೂರು ಕೆಂಪು ನಿಲುವಂಗಿ, ಒಂದು ಫ್ಯಾನು.
ಮೊದಲನೆಯವರು ಓದಿದರು, ನಾನು ಅಂದೆ:
ಕೆಳಗಿನ ತೀರ್ಪನ್ನು ಎತ್ತಿಹಿಡಿಯಲಾಗಿದೆ.

ಅವಳ ಮುಖ ಅರಳಿತು.
ಎತ್ತಿ, ಎಂಬುದಷ್ಟೇ ಕೇಳಿಸಿತ್ತು ಅವಳಿಗೆ,
ಬಿದ್ದ ಮಗುವನ್ನು ಎತ್ತುತ್ತಾರಲ್ಲ, ಹಾಗೆ.

ನಾನು ಸುಮ್ಮನಿದ್ದೆ.
ಸೇರಿಸುವುದಿಲ್ಲ, ಕಳೆಯುವುದಿಲ್ಲ.
ಮುಂದಿನ ವಾಕ್ಯ ಬರಲು ಎಷ್ಟು ಹೊತ್ತು,
ನ್ಯಾಯಮೂರ್ತಿ ನೀರು ಕುಡಿದರು,
ಕನ್ನಡಕ ಒರೆಸಿದರು,
ಅಷ್ಟೂ ಹೊತ್ತು ಅವಳು ಗೆದ್ದೇ ಇದ್ದಳು.

ಮೇಲ್ಮನವಿ ವಜಾ.

ಎರಡನೆಯವರದು ಸಹಮತ.
ಮೂರನೆಯವರು ಕೊನೆಯಲ್ಲಿ ಕೂತಿದ್ದ ಹೆಂಗಸು.
ನನಗೆ ಒಪ್ಪಿಗೆಯಿಲ್ಲ, ಎಂದರು.
ಪುಟ ನಲವತ್ತೊಂದರಲ್ಲಿ ಸಾಕ್ಷಿ ಮೌನವಾದದ್ದಿದೆ,
ಯಾವ ಪ್ರಶ್ನೆಗೆ ಮೌನವೋ ಅದೇ ಇಲ್ಲ.
ಪ್ರಶ್ನೆ ಕಳೆದುಹೋದ ದಾಖಲೆಯಿಂದ
ಉತ್ತರ ಹೇಗೆ ತೆಗೆದಿರಿ?

ಅದನ್ನು ಅನ್ನುವಾಗ ನನ್ನ ದನಿ ಸ್ವಲ್ಪ ಏರಿತೆಂದು
ಆಮೇಲೆ ಗುಮಾಸ್ತ ಹೇಳಿದ.

ಬೆಂಚಿನ ಮೇಲೆ ಅವಳು ಬಹಳ ಹೊತ್ತು ಮಾತಾಡಲಿಲ್ಲ.
"ಆ ಕೊನೆಯ ಅಮ್ಮ ಹೇಳಿದ್ದು ಲೆಕ್ಕಕ್ಕಿಲ್ಲವೆ?"
ಭಿನ್ನಮತ. ಬರೆದಿಡುತ್ತಾರೆ. ಲೆಕ್ಕಕ್ಕಿಲ್ಲ.
"ಕೊಡಲಿ?"
ಇನ್ನು ಇಳಿಯಬಹುದು.

ಇನ್ನೂ ಮೇಲೊಂದಿದೆ, ನೈರೋಬಿಯಲ್ಲಿ, ಎಂದೆ.
ಅಲ್ಲಿ ಕೇಳಲು ಮೊದಲು ಅನುಮತಿ ಕೇಳಬೇಕು.
"ಕೇಳುವುದಕ್ಕೂ ಕೇಳಬೇಕೆ?"
ಹೌದು. ಹದಿನಾಲ್ಕು ದಿನದೊಳಗೆ.

ಬೆರಳು ಮಡಿಚುತ್ತ ಎಣಿಸಿದಳು.
ಒಮೆನಾ ಬರುವುದು ಚಂದ್ರನಿಲ್ಲದ ರಾತ್ರಿಗಳಲ್ಲಿ,
ದೋಣಿಯ ದೀಪಕ್ಕೆ ಮರುಳಾಗಿ;
ಅವಳಿಗೆ ಹದಿನಾಲ್ಕು ದಿನವೆಂದರೆ ಒಂದು ಕತ್ತಲು, ಅದರ ದುಡಿಮೆ.

ಎದ್ದು ನಿಂತು, ಸೀರೆಯಲ್ಲದ ಆ ಬಟ್ಟೆಯ ತುದಿ, ಲೆಸೊ, ಬಿಗಿದು ಕಟ್ಟಿ,
"ಎಣಿಕೆ ಇವತ್ತಿನಿಂದಲೊ ನಾಳೆಯಿಂದಲೊ?" ಎಂದಳು.

ವಕೀಲರೂ ಮರೆಯುವ ಪ್ರಶ್ನೆ.
ನಾಳೆಯಿಂದ, ಎಂದೆ.
ಇದು ಅರ್ಥವಲ್ಲ, ಬರೀ ಲೆಕ್ಕ.